ಒಪ್ಪವೂ ಒಪ್ಪಿಗೆಯೂ: ನಿತ್ಯದ ಅಲಂಕಾರದ ಧರ್ಮವಿಚಾರ

ನಿತ್ಯದ ಅಲಂಕಾರವೆಂದರೆ ಮದುವೆಮನೆಯ ಸಿಂಗಾರವಲ್ಲ, ರಂಗದ ಮೇಲಿನ ಬಣ್ಣವೂ ಅಲ್ಲ. ಬೆಳಗ್ಗೆ ಮುಖ ತೊಳೆದ ಮೇಲೆ, ಹೊಸ್ತಿಲು ದಾಟುವ ಮುಂಚೆ ಕನ್ನಡಿಯ ಮುಂದೆ ನಡೆಯುವ ಐದು ಹತ್ತು ನಿಮಿಷಗಳ ಕೆಲಸ ಅದು: ಹಣೆಗೆ ಕುಂಕುಮ ಅಥವಾ ಸ್ಟಿಕ್ಕರ್, ಕಣ್ಣಿಗೆ ಕಾಡಿಗೆ, ಮುಖಕ್ಕೆ ಕ್ರೀಮು ಪೌಡರು, ತುಟಿಗೆ ಲಿಪ್‌ಸ್ಟಿಕ್, ಮುಡಿಗೆ ಗೇಣುದ್ದ ಮಲ್ಲಿಗೆ. ಇದನ್ನು ಒಂದು ದಿನವೂ ತಪ್ಪಿಸದ ಹೆಂಗಸರಿದ್ದಾರೆ, ಒಂದು ದಿನವೂ ಮಾಡದವರಿದ್ದಾರೆ, ಮನಸ್ಸು ಬಂದ ದಿನ ಮಾಡಿ ಉಳಿದ ದಿನ ಬಿಡುವವರೂ ಇದ್ದಾರೆ. ಇಷ್ಟು ಸಣ್ಣ ಸಂಗತಿಯ ಬಗ್ಗೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಧರ್ಮಗಳೂ ತತ್ತ್ವಜ್ಞಾನಿಗಳೂ ತೀರ್ಪು ಕೊಡುತ್ತಲೇ ಬಂದಿದ್ದಾರೆ. ತೀರ್ಪು ಕೊಟ್ಟವರಲ್ಲಿ ಹೆಚ್ಚಿನವರು ಗಂಡಸರು. ಹಚ್ಚಿಕೊಳ್ಳುವವಳಿಗೂ ಬಿಡುವವಳಿಗೂ ತಮ್ಮದೇ ಕಾರಣಗಳಿರುತ್ತವೆ ಎಂಬುದನ್ನು ಅವರು ಕೇಳಿದ್ದು ಕಡಿಮೆ.

ಮಾತುಗಳಿಂದ ಹೊರಡುವುದು ಒಳ್ಳೆಯದು. ಸಂಸ್ಕೃತದ ‘ಅಲಂಕಾರ’ದಲ್ಲಿರುವ ‘ಅಲಂ’ ಎಂಬುದಕ್ಕೆ ಸಾಕು ಎಂಬ ಅರ್ಥವಿದೆ. ಸಾಲದಿದ್ದದ್ದನ್ನು ಸಾಕಾಗುವಂತೆ ಮಾಡುವುದು, ಸಜ್ಜುಗೊಳಿಸುವುದು ಅಲಂಕಾರ. ಕಲಾಚಿಂತಕ ಆನಂದ ಕುಮಾರಸ್ವಾಮಿ 1939ರ ಒಂದು ಪ್ರಬಂಧದಲ್ಲಿ ಈ ನೆಲೆಯನ್ನೇ ಹಿಡಿದು, ಆಭರಣವೆಂಬುದು ಮೊದಲಿಗೆ ಮೇಲಿನಿಂದ ಅಂಟಿಸಿದ ಸೊಗಸಾಗಿರದೆ ವಸ್ತುವೊಂದು ತನ್ನ ಕೆಲಸಕ್ಕೆ ಪೂರ್ತಿ ಸಿದ್ಧವಾಗಲು ಬೇಕಾದ ಅಂಗವಾಗಿತ್ತು ಎಂದು ವಾದಿಸಿದರು. ಕನ್ನಡದ ಮಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ‘ಒಪ್ಪು’ ಎಂದರೆ ಸಮ್ಮತಿಸು. ಹಳಗನ್ನಡದಲ್ಲಿ ಅದೇ ‘ಒಪ್ಪು’ ಎಂದರೆ ಶೋಭಿಸು. ಈ ಬಣ್ಣ ಅವಳಿಗೆ ಒಪ್ಪುತ್ತದೆ ಎಂದು ಇಂದಿಗೂ ಹೇಳುವಾಗ ಎರಡು ಅರ್ಥವೂ ಒಟ್ಟಿಗೇ ಉಸಿರಾಡುತ್ತಿರುತ್ತವೆ. ಚೆಲುವು ಎಂಬುದು ಯಾವುದೋ ಒಂದಕ್ಕೆ ಕೊಟ್ಟ ಸಮ್ಮತಿಯೂ ಹೌದು ಎಂಬ ಈ ಹೊಳಹನ್ನು ಹಿಡಿದುಕೊಂಡರೆ ಮುಂದಿನ ಚರ್ಚೆಯ ಗಂಟು ಎಲ್ಲಿದೆಯೆಂಬುದು ಗೊತ್ತಾಗುತ್ತದೆ. ಮುಖಕ್ಕೆ ಏನು ಹಚ್ಚಿದೆ ಎಂಬುದಕ್ಕಿಂತ, ಹಚ್ಚಿದ್ದಕ್ಕೆ ಒಪ್ಪಿಗೆ ಯಾರದು ಎಂಬುದೇ ಮೂಲ ಪ್ರಶ್ನೆ.

ಅಲಂಕಾರದ ಮೇಲಿನ ಹಳೆಯ ಆರೋಪಗಳು ಎರಡು. ಮೊದಲನೆಯದು, ಅದು ಸುಳ್ಳು ಎಂಬುದು. ಗ್ರೀಸಿನ ಪ್ಲೇಟೋ ‘ಗೋರ್ಗಿಯಾಸ್’ ಸಂವಾದದಲ್ಲಿ ಪ್ರಸಾಧನವನ್ನು ಅಂಗಸಾಧನೆಯ ನಕಲಿ ಎಂದು ಕರೆಸುತ್ತಾನೆ. ವ್ಯಾಯಾಮದಿಂದ ಬರಬೇಕಾದ ಆರೋಗ್ಯದ ಕಳೆಯನ್ನು ಬಣ್ಣ, ನುಣುಪು, ಉಡುಗೆಗಳಿಂದ ತೋರಿಸುವುದು ವಂಚನೆ ಎಂಬುದು ಅಲ್ಲಿಯ ವಾದ. ಕ್ರಿ.ಶ. 200ರ ಆಸುಪಾಸಿನಲ್ಲಿ ಉತ್ತರ ಆಫ್ರಿಕದ ಕ್ರೈಸ್ತ ಲೇಖಕ ಟೆರ್ಟುಲಿಯನ್ ಹೆಂಗಸರ ಅಲಂಕಾರದ ಮೇಲೆಯೇ ಎರಡು ಪುಸ್ತಕ ಬರೆದ. ಮುಖಕ್ಕೆ ಬಣ್ಣ ಬಳಿಯುವವಳು ಸೃಷ್ಟಿಕರ್ತನ ಕೈಕೆಲಸದಲ್ಲಿ ತಪ್ಪು ಹುಡುಕುತ್ತಾಳೆ ಎಂಬುದು ಅವನ ಸಿಟ್ಟಿನ ತಿರುಳು. ಸಾವಿರ ವರ್ಷಗಳ ನಂತರ ಥಾಮಸ್ ಅಕ್ವಿನಾಸ್ ಇದೇ ಪ್ರಶ್ನೆಯನ್ನು ತಣ್ಣಗೆ ಕೂತು ಬಿಡಿಸಿದ. ಇಲ್ಲದ ಚೆಲುವನ್ನು ನಟಿಸುವುದು ಒಂದು, ಕಾಯಿಲೆಯಿಂದಲೋ ಬೇರೆ ಕಾರಣದಿಂದಲೋ ಬಂದ ವಿಕಾರವನ್ನು ಮರೆಮಾಡುವುದು ಇನ್ನೊಂದು, ಎರಡನೆಯದು ತಪ್ಪಲ್ಲ ಎಂದು ಅವನು ಬೇರ್ಪಡಿಸಿದ. ಹದಿಮೂರನೆಯ ಶತಮಾನದ ಸನ್ಯಾಸಿಯೊಬ್ಬ ಮಾಡಿದ ಈ ಭೇದ ಇಂದಿಗೂ ಬೆಲೆಬಾಳುವಂಥದು. ತೊನ್ನಿನ ಕಲೆ, ಸುಟ್ಟ ಗಾಯದ ಗುರುತು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಉದುರಿದ ಹುಬ್ಬು ಇವುಗಳನ್ನು ದಿನವೂ ಬಣ್ಣದಿಂದ ಮುಚ್ಚಿಕೊಂಡು ಬಸ್ಸು ಹತ್ತುವವಳು ಯಾರನ್ನೂ ವಂಚಿಸುತ್ತಿಲ್ಲ. ಎದುರು ಸಿಕ್ಕವರೆಲ್ಲ ಕೇಳುವ ಪ್ರಶ್ನೆಗಳಿಂದ ಆಕೆ ಒಂದು ದಿನದ ಬಿಡುವು ಪಡೆಯುತ್ತಿದ್ದಾಳೆ.

ಎರಡನೆಯ ಆರೋಪ, ಅದು ಬಂಧನ ಎಂಬುದು. ಇದು ಭಾರತದ ಶ್ರಮಣಧರ್ಮಗಳ ಮಾತು. ಬೌದ್ಧ ಉಪಾಸಕ ಉಪಾಸಿಕೆಯರು ಉಪೋಸಥವೆಂಬ ವ್ರತದ ದಿನ ಹಿಡಿಯುವ ಎಂಟು ಶೀಲಗಳಲ್ಲಿ ಒಂದು, ಹೂಮಾಲೆ, ಗಂಧ, ಲೇಪನ, ಆಭರಣಗಳನ್ನು ಬಿಡುವುದು. ಗಮನಿಸಬೇಕಾದದ್ದು, ಈ ನಿಯಮ ಗಂಡಸಿಗೂ ಹೆಂಗಸಿಗೂ ಒಂದೇ. ಅಲ್ಲಿ ಮುಖದ ಬಣ್ಣ ಪಾಪವೆನಿಸಿಲ್ಲ. ತಾನು ಈ ದೇಹವೇ ಎಂಬ ಅಂಟನ್ನು ಒಂದು ಹಗಲು ಒಂದು ರಾತ್ರಿ ಸಡಿಲಿಸಿ ನೋಡುವ ಅಭ್ಯಾಸ ಅದು. ಬೌದ್ಧ ಸಂನ್ಯಾಸಿನಿಯರ ಹಾಡುಗಳ ಸಂಗ್ರಹವಾದ ‘ಥೇರಿಗಾಥಾ’ದಲ್ಲಿ ವೈಶಾಲಿಯ ಅಂಬಪಾಲಿ ತನ್ನ ಕೂದಲು, ಹುಬ್ಬು, ಕಣ್ಣು, ಹಲ್ಲುಗಳನ್ನು ಒಂದೊಂದಾಗಿ ನೆನೆದು ಅಂದು ಹೇಗಿದ್ದವು ಇಂದು ಹೇಗಾಗಿವೆ ಎಂದು ಎಣಿಸುತ್ತಾಳೆ. ಗಣಿಕೆಯಾಗಿದ್ದ ವಿಮಲಾ ತಾನು ಮೈಯನ್ನು ಸಿಂಗರಿಸಿ ಬಾಗಿಲಲ್ಲಿ ಬಲೆಯೊಡ್ಡಿದ ಬೇಡನಂತೆ ನಿಂತಿದ್ದನ್ನು ಹೇಳಿಕೊಳ್ಳುತ್ತಾಳೆ. ಟೆರ್ಟುಲಿಯನ್ ಹೊರಗೆ ನಿಂತು ಬೈಯುವ ಮಾತಿಗೂ ಇವರು ತಮ್ಮ ಬಾಳಿನೊಳಗಿಂದ ಆಡುವ ಮಾತಿಗೂ ಅಜಗಜಾಂತರ. ಕನ್ನಡ ನಾಡಿಗೆ ಹೆಚ್ಚು ಪರಿಚಿತವಾದ ಜೈನಪರಂಪರೆಯಲ್ಲಿ ನಿಯಮ ಇನ್ನೂ ಕಠಿಣ. ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಸ್ನಾನ ಮಾಡದಿರುವುದೂ ಕೈಯಿಂದಲೇ ಕೂದಲು ಕೀಳುವ ಕೇಶಲೋಚವೂ ಸೇರಿವೆ. ಒಂದು ಬಿಳಿ ಸೀರೆಯುಟ್ಟ ಸಂನ್ಯಾಸಿನಿಯರಾದ ಆರ್ಯಿಕೆಯರೂ ಕೇಶಲೋಚ ಮಾಡುತ್ತಾರೆ.

ಇಷ್ಟಾದರೂ ಇದೇ ನೆಲದ ಇನ್ನೊಂದು ಧಾರೆ ಅಲಂಕಾರವನ್ನು ದೇವಾಲಯದ ಗೋಡೆಗೇ ಏರಿಸಿತು. 1117ರಲ್ಲಿ ಹೊಯ್ಸಳ ವಿಷ್ಣುವರ್ಧನ ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರಲ್ಲಿ ಎಲ್ಲರಿಗೂ ಗೊತ್ತಿರುವವಳು ದರ್ಪಣಸುಂದರಿ. ಕೈಯಲ್ಲಿ ಕನ್ನಡಿ ಹಿಡಿದು ತನ್ನನ್ನೇ ನೋಡಿಕೊಳ್ಳುತ್ತಿರುವ ಹೆಣ್ಣು ಅವಳು. ದೇವರ ದರ್ಶನಕ್ಕೆ ಬಂದವರ ಕಣ್ಣು ತನ್ನ ದರ್ಶನ ತಾನೇ ಮಾಡಿಕೊಳ್ಳುತ್ತಿರುವವಳ ಮೇಲೂ ಬೀಳುವಂತೆ ಶಿಲ್ಪಿ ಅವಳನ್ನು ನಿಲ್ಲಿಸಿದ್ದಾನೆ. ಅವಳ ನೋಟ ನೋಡುವವರ ಕಡೆ ಇಲ್ಲ. 1130ರ ಸುಮಾರಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ ಸ್ನಾನ, ವಿಲೇಪನ, ಮಾಲೆ, ಭೂಷಣಗಳಿಗೆ ಒಂದೊಂದು ಅಧ್ಯಾಯವನ್ನೇ ಮೀಸಲಿಡುತ್ತದೆ. ಅದು ರಾಜನ ಭೋಗಗಳ ಪಟ್ಟಿ. ಗಂಧ, ಲೇಪನ, ಹೂವು ಗಂಡಸಿನವೂ ಆಗಿದ್ದ ಕಾಲವದು. ಪ್ರಸಾಧನವು ಹೆಂಗಸಿನ ಚಪಲ ಎಂಬ ಮಾತನ್ನು ಪ್ರಾಚೀನವೆಂದು ಎತ್ತಿ ಆಡುವವರು ಈ ಪುಸ್ತಕವನ್ನು ತೆರೆದು ನೋಡುವುದು ಒಳ್ಳೆಯದು.

ವಿಷ್ಣು ಅಲಂಕಾರಪ್ರಿಯ, ಶಿವ ಅಭಿಷೇಕಪ್ರಿಯ ಎಂಬುದು ಬಳಕೆಯ ಮಾತು. ವೈಷ್ಣವ ಗುಡಿಗಳಲ್ಲಿ ದೇವರಿಗೆ ದಿನವೂ ಉಡಿಸಿ ತೊಡಿಸುವುದೇ ಒಂದು ಸೇವೆ. ಆ ಭಾವದಲ್ಲಿ ಬೆಳೆದ ತಮಿಳಿನ ಭಕ್ತಕವಿ ಆಂಡಾಳ್ ದೇವರಿಗೆಂದು ಕಟ್ಟಿದ ಮಾಲೆಯನ್ನು ಮೊದಲು ತಾನು ಮುಡಿದು, ಅವನಿಗೆ ಸರಿಜೋಡಿಯೇ ಎಂದು ಬಿಂಬ ನೋಡಿಕೊಂಡಳು ಎಂಬ ಕಥೆಯಿದೆ. ತಂದೆ ಅದನ್ನು ಮೈಲಿಗೆಯೆಂದು ಕಂಡರೆ ದೇವರು ಅದೇ ಮಾಲೆ ಬೇಕೆಂದ ಎನ್ನುತ್ತದೆ ಪರಂಪರೆ. ಮನೆಮಟ್ಟದಲ್ಲಿ ಇದೇ ಭಾವ ಗೌರಿಹಬ್ಬದ ಮೊರದ ಬಾಗಿನದಲ್ಲಿದೆ. ಅಕ್ಕಿ ಬೇಳೆ ಬೆಲ್ಲದ ಜೊತೆಗೆ ಆ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಪುಟ್ಟ ಕನ್ನಡಿ, ಬಾಚಣಿಗೆ, ಕಾಡಿಗೆಯ ಡಬ್ಬಿ ಇರುತ್ತವೆ. ಒಬ್ಬ ಹೆಂಗಸು ಇನ್ನೊಬ್ಬಳಿಗೆ ಸೆರಗು ಮುಚ್ಚಿ ಕೊಡುವ ಈ ಪ್ರಸಾಧನಪೆಟ್ಟಿಗೆಯಲ್ಲಿ ಅಲಂಕಾರ ಆಶೀರ್ವಾದವಾಗುತ್ತದೆ, ಧಾನ್ಯದಷ್ಟೇ ಶುಭವಾಗುತ್ತದೆ. ಆದರೆ ಈ ಬಾಗಿನ ಎಲ್ಲ ಹೆಂಗಸರಿಗೂ ಸಿಗುವುದಿಲ್ಲ. ಆ ವಿಷಯ ಮುಂದೆ ಬರುತ್ತದೆ.

ವಚನಕಾರ್ತಿ ಅಕ್ಕಮಹಾದೇವಿ ‘ಮಾನಸೋಲ್ಲಾಸ’ ಹುಟ್ಟಿದ ಅದೇ ಹನ್ನೆರಡನೆಯ ಶತಮಾನದವಳು. ಶಿವಮೊಗ್ಗ ಸೀಮೆಯ ಉಡುತಡಿಯಲ್ಲಿ ಹುಟ್ಟಿ, ಕೌಶಿಕನೆಂಬ ಅರಸನ ಆಸೆಯನ್ನು ಧಿಕ್ಕರಿಸಿ, ಒಡವೆಯನ್ನಷ್ಟೇ ಅಲ್ಲ ಉಡುಗೆಯನ್ನೂ ಬಿಟ್ಟು ಕಲ್ಯಾಣಕ್ಕೆ ನಡೆದಳು ಎಂಬುದು ಪರಂಪರೆಯ ನೆನಪು. ಭೋಗದ ಅಧ್ಯಾಯಗಳು ಬರೆಯಲ್ಪಟ್ಟ ಕೆಲವೇ ದಶಕಗಳ ನಂತರ ಅದೇ ಕಲ್ಯಾಣಕ್ಕೆ ಕೂದಲನ್ನೇ ಹೊದ್ದ ಹೆಣ್ಣೊಬ್ಬಳು ಬಂದು ನಿಂತದ್ದು ಕನ್ನಡದ ಮನಸ್ಸು ಮರೆಯಲಾರದ ಚಿತ್ರ. ಅವಳ ನಿಲುವನ್ನು ಅಲಂಕಾರದ ನಿಷೇಧವೆಂದು ಓದುವುದು ರೂಢಿ. ಆ ಓದು ಅರ್ಧ ಮಾತ್ರ ಸರಿ. ಅವಳ ಅಂಕಿತ ಚೆನ್ನಮಲ್ಲಿಕಾರ್ಜುನ. ಬೇಲೂರಿನ ಕೇಶವನ ಹೆಸರಿನಲ್ಲಿರುವ ಚೆಲುವಿನ ‘ಚೆನ್ನ’ವೇ ಇಲ್ಲಿಯೂ ಇದೆ. ತನ್ನ ಮೈಯ ಸಿಂಗಾರ ಬಿಟ್ಟವಳು ವಚನವೊಂದೊಂದರ ಕೊನೆಗೂ ಚೆಲುವನ್ನು ಹೆಸರು ಹಿಡಿದು ಕರೆದಳು. ಮದುವಣಗಿತ್ತಿಯ ಸಡಗರ ಅವಳ ವಚನಗಳಲ್ಲಿ ತುಂಬಿದೆ. ಅವಳು ಬಿಟ್ಟದ್ದು ಅರಸನ ಕಣ್ಣಿಗಾಗಿ ಇದ್ದ ಅಲಂಕಾರವನ್ನು.

ಕಲ್ಯಾಣದಲ್ಲಿ ಶರಣ ಅಲ್ಲಮಪ್ರಭು ಅವಳಿಗೆ ಹಾಕಿದ ಪ್ರಶ್ನೆ ಈ ಎಳೆಯನ್ನು ಇನ್ನಷ್ಟು ಬಿಗಿಯುತ್ತದೆ. ಎಲ್ಲವನ್ನೂ ಬಿಟ್ಟವಳಿಗೆ ಕೂದಲ ಮರೆ ಏಕೆ ಎಂದು ಅವನು ಕೇಳುತ್ತಾನೆ. ಹಣ್ಣು ಒಳಗೆ ಪಕ್ವವಾಗದೆ ಹೊರಗಿನ ಸಿಪ್ಪೆಯ ಒಪ್ಪ ಕೆಡುವುದಿಲ್ಲ, ತನ್ನ ಮೈ ಕಂಡು ನಿಮಗೆ ನೋವಾದೀತೆಂದು ಮುಚ್ಚಿಕೊಂಡೆ ಎಂಬ ಅರ್ಥದ ಉತ್ತರ ಅಕ್ಕನದು. ‘ಒಪ್ಪ’ ಎಂಬ ಮಾತು ಅಲ್ಲಿ ಬಂದಿರುವುದು ಆಕಸ್ಮಿಕವಾಗಿದ್ದರೂ ಬೆಳಕು ಕೊಡುವಂಥದು. ಹೊರಗಿನ ಹೊಳಪನ್ನು ಉಜ್ಜಿ ತೆಗೆಯುವುದರಿಂದ ಒಳಗು ಮಾಗುವುದಿಲ್ಲ. ಮಾಗಿದರೆ ಹೊಳಪು ತಾನಾಗಿ ಹೋಗುತ್ತದೆ. ಬಿಡುವುದು ಸಾಧನೆಯ ಗುರುತಾಗಬಹುದು, ಸಾಧನೆಗೆ ಅಡ್ಡದಾರಿ ಆಗಲಾರದು. ಮುಚ್ಚಿಕೊಂಡದ್ದು ನೋಡುವವರ ದೌರ್ಬಲ್ಯಕ್ಕಾಗಿ ಎಂಬ ಮಾತಂತೂ ಶತಮಾನಗಳ ಆರೋಪವನ್ನು ಸದ್ದಿಲ್ಲದೆ ಅದರ ಒಡೆಯರಿಗೆ ಹಿಂದಿರುಗಿಸುತ್ತದೆ. ಶರಣರು ಹಣೆಗೆ ಕೊಟ್ಟ ವಿಭೂತಿಯನ್ನೂ ಇಲ್ಲಿ ನೆನೆಯಬೇಕು. ಇಷ್ಟಲಿಂಗದಂತೆಯೇ ಅದು ಹೆಣ್ಣು ಗಂಡೆನ್ನದೆ ಎಲ್ಲರಿಗೂ ಸಲ್ಲುವಂಥದು. ಹಣೆಯ ಮೇಲಿನ ಗುರುತು ಗಂಡ ಇದ್ದಾನೋ ಇಲ್ಲವೋ ಎಂಬುದನ್ನು ಸಾರಬೇಕಾಗಿಲ್ಲ ಎಂಬ ಸಾಧ್ಯತೆ ಅದರಲ್ಲಿದೆ.

ಅಕ್ಕನ ಬರಿಮೈಯ ಪಕ್ಕದಲ್ಲಿ ಇನ್ನೊಂದು ಬರಿದನ್ನು ಇಟ್ಟು ನೋಡದೆ ಈ ವಿಷಯ ಮುಗಿಯುವುದಿಲ್ಲ. ಗಂಡ ಸತ್ತವಳ ಕುಂಕುಮ ಅಳಿಸಿ, ಬಳೆ ಒಡೆದು, ಹೂವು ಕಿತ್ತು, ಕೆಲವು ಜಾತಿಗಳಲ್ಲಿ ತಲೆ ಬೋಳಿಸಿ ಮಡಿಯಲ್ಲಿ ಕೂರಿಸುತ್ತಿದ್ದದ್ದು ಬಹಳ ಹಿಂದಿನ ಕಥೆಯಲ್ಲ. ಕುಂಕುಮ ಅಳಿಸುವ, ಬಳೆ ಒಡೆಯುವ ಶಾಸ್ತ್ರ ಹಲವೆಡೆ ಇಂದಿಗೂ ನಡೆಯುತ್ತದೆ. 1899ರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿಯೇ ಎಳೆಯ ವಿಧವೆಯೊಬ್ಬಳ ಕಥೆ. ಇನ್ನೊಬ್ಬ ವಿಧವೆಯ ಕಥೆಯಾದ ಎಂ.ಕೆ. ಇಂದಿರಾ ಅವರ ಕಾದಂಬರಿ ‘ಫಣಿಯಮ್ಮ’ 1976ರಲ್ಲಿ ಪ್ರಕಟವಾಯಿತು. ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. ಫಣಿಯಮ್ಮನಿಗೆ ಕೇಶ, ಕುಂಕುಮ, ಬಳೆ ಏನೂ ಇಲ್ಲ. ಊಟ, ಆಸೆ, ಮಾತು ಎಲ್ಲವೂ ಕಡಿಮೆ. ಹೊರಗಿನಿಂದ ನೋಡಿದರೆ ಅವಳೂ ವಿರಾಗಿಣಿಯೇ. ಆದರೆ ಅಕ್ಕ ಬಿಟ್ಟು ನಡೆದದ್ದನ್ನು ಫಣಿಯಮ್ಮನಿಂದ ಕಿತ್ತುಕೊಳ್ಳಲಾಗಿತ್ತು. ತ್ಯಾಗವೆಂಬ ಪದ ಮೊದಲನೆಯದಕ್ಕೆ ಮಾತ್ರ ಸಲ್ಲುತ್ತದೆ. ಕಿತ್ತುಕೊಂಡ ಬಾಳಿನಲ್ಲಿಯೂ ತನ್ನದೇ ಘನತೆಯನ್ನು ಕಟ್ಟಿಕೊಂಡದ್ದು ಫಣಿಯಮ್ಮನ ಹಿರಿಮೆ. ಕಿತ್ತುಕೊಂಡವರಿಗೆ ಅದರಲ್ಲಿ ಪಾಲಿಲ್ಲ. ಬಾಗಿನದ ಮೊರ ಅವಳ ಮುಂದೆ ಹಾಯ್ದು ಪಕ್ಕದವಳ ಮಡಿಲಿಗೆ ಹೋಗುತ್ತಿದ್ದ ಕ್ಷಣದಲ್ಲಿ, ಆಶೀರ್ವಾದವೆಂದು ಕರೆದದ್ದು ಷರತ್ತಿನದು ಎಂಬುದು ಬಯಲಾಗುತ್ತದೆ. ಕರ್ನಾಟಕದ ಗಡಿಗೆ ಹತ್ತಿರವಿರುವ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮಸಭೆ 2022ರ ಮೇ ತಿಂಗಳಲ್ಲಿ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳನ್ನು ಕೈಬಿಡುವ ನಿರ್ಣಯ ಮಾಡಿತು. ಒಂದು ಚಿಟಿಕೆ ಕುಂಕುಮದ ಮೇಲೆ ಊರೇ ಕೂತು ತೀರ್ಮಾನಿಸಬೇಕಾಯಿತು ಎಂದರೆ, ಅದುವರೆಗೆ ಆ ಹಣೆ ಹಣೆಯ ಒಡತಿಯದಾಗಿರಲಿಲ್ಲ ಎಂದೇ ಅರ್ಥ.

ಇನ್ನು ಇಂದಿನ ಹೆಂಗಸರು ಹಚ್ಚಿಕೊಳ್ಳುವುದಕ್ಕೂ ಬಿಡುವುದಕ್ಕೂ ಇರುವ ಕಾರಣಗಳು. ಕೆಲವರಿಗೆ ಅದು ಸಂಧ್ಯಾವಂದನೆಯಂತೆ ಬೆಳಗಿನ ಕ್ರಮ. ಕಾಡಿಗೆಯ ಗೆರೆ ಎಳೆದ ಮೇಲೆಯೇ ದಿನ ಶುರು. ಹರಳೆಣ್ಣೆಯ ದೀಪದ ಮಸಿಯಿಂದ ಅಜ್ಜಿ ಮಾಡಿಡುತ್ತಿದ್ದ ಕಾಡಿಗೆಯ ನೆನಪು ಇನ್ನು ಕೆಲವರನ್ನು ಅದಕ್ಕೆ ಕಟ್ಟಿಹಾಕಿದೆ. ಬಣ್ಣ ಬೆರೆಸುವ, ಗೆರೆ ತಿದ್ದುವ ಕೈಗೆ ಸಿಗುವ ಖುಷಿ ರಂಗೋಲಿ ಇಡುವ ಕೈಗೆ ಸಿಗುವ ಖುಷಿಯೇ. ಅದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ. ವಾತ್ಸ್ಯಾಯನನ ‘ಕಾಮಸೂತ್ರ’ ಹಲ್ಲು, ಬಟ್ಟೆ, ಮೈಗಳಿಗೆ ಬಣ್ಣ ಕಟ್ಟುವುದನ್ನು ಅರವತ್ತನಾಲ್ಕು ಕಲೆಗಳಲ್ಲೇ ಎಣಿಸಿದೆ. ನಿದ್ದೆಗೆಟ್ಟ ರಾತ್ರಿಯ ಗುರುತು ಕಚೇರಿಗೆ ಕಾಣದಿರಲಿ ಎಂದು ಹಚ್ಚುವವಳಿಗೆ ಅದು ಕವಚ. ಸ್ವಾಗತಕಾರಿಣಿ, ಗಗನಸಖಿ, ಮಳಿಗೆಯ ಮಾರಾಟಗಾರ್ತಿ ಇವರಿಗೆ ಎಷ್ಟೋ ಕಡೆ ಅದು ನೌಕರಿಯ ಷರತ್ತು. ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ವಿಮಾನಸಂಸ್ಥೆ ತನ್ನ ಗಗನಸಖಿಯರಿಗೆ ಮೇಕಪ್ ಕಡ್ಡಾಯವಲ್ಲ ಎಂದದ್ದು 2019ರಲ್ಲಿ.

ಬಿಡುವವರ ಕಾರಣಗಳೂ ಇಷ್ಟೇ ಬಗೆಯವು. ನಮಾಜಿಗೆ ಮುಂಚಿನ ವುಜೂ ಮಾಡುವಾಗ ನೀರು ಉಗುರಿಗೆ ತಾಗಬೇಕು. ಪದರವಾಗಿ ಕೂರುವ ನೇಲ್ ಪಾಲಿಶ್ ಅದಕ್ಕೆ ಅಡ್ಡಿ. ಆದ್ದರಿಂದ ಅನೇಕ ಮುಸ್ಲಿಂ ಹೆಂಗಸರು ಅದನ್ನು ಬಿಟ್ಟು, ಪದರ ಕಟ್ಟದೆ ಚರ್ಮಕ್ಕೆ ಇಳಿಯುವ ಮದರಂಗಿಯನ್ನು ಹಚ್ಚುತ್ತಾರೆ. ಅಲ್ಲಿ ಬಣ್ಣ ಬೇಡವೆಂಬ ಮಾತಿಲ್ಲ, ನೀರಿಗೂ ಮೈಗೂ ನಡುವೆ ಏನೂ ಇರಕೂಡದೆಂಬ ಶುದ್ಧಿಯ ವಿಚಾರವಿದೆ. ಸ್ಟಿಕ್ಕರಿನ ಅಂಟಿನಲ್ಲಿರುವ ರಾಸಾಯನಿಕದಿಂದ ಹಣೆಯಲ್ಲಿ ಬಿಳಿ ಕಲೆ ಎದ್ದು, ವೈದ್ಯರ ಮಾತಿಗೆ ಬಿಟ್ಟವರಿದ್ದಾರೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕೆಂಪಾಗಿಸಿದ ಹಳೆಯ ಕುಂಕುಮ ಬೇರೆ, ಇಂದು ಪೊಟ್ಟಣದಲ್ಲಿ ಬರುವ ಬಣ್ಣದ ಪುಡಿ ಬೇರೆ ಎಂದು ಅರಿತು ಬಿಟ್ಟವರಿದ್ದಾರೆ. ಐದು ಗಂಟೆಗೆ ಎದ್ದು ಇಬ್ಬರು ಮಕ್ಕಳ ಡಬ್ಬಿ ಕಟ್ಟುವವಳಿಗೆ ಕನ್ನಡಿಯ ಮುಂದಿನ ಹತ್ತು ನಿಮಿಷಕ್ಕಿಂತ ಹತ್ತು ನಿಮಿಷದ ನಿದ್ದೆ ದೊಡ್ಡದು. ಏನೂ ಹಚ್ಚದ ತನ್ನ ಮುಖವೇ ತನಗೆ ಸಾಕು ಎನ್ನುವವಳೂ ಇದ್ದಾಳೆ. ‘ಅಲಂ’ ಎಂಬ ಮಾತಿನ ಅರ್ಥ ಅವಳಲ್ಲಿ ಬೇರೊಂದು ದಾರಿಯಿಂದ ಬಂದು ಸೇರುತ್ತದೆ.

ಈ ಎಲ್ಲ ಕಾರಣಗಳ ನಡುವೆ ಒಂದು ಮಾತ್ರ ಬೇರೆಯಾಗಿ ನಿಲ್ಲುತ್ತದೆ: ಬಿಳಿಯಾಗುವ ಆಸೆ. 1975ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಕ್ರೀಮು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದೇ ಹೆಸರಿನಲ್ಲಿ ನಡೆದು 2020ರಲ್ಲಿ ‘ಫೇರ್’ ಎಂಬ ಪದವನ್ನು ಕೈಬಿಟ್ಟಿತು. ಕಾಡಿಗೆ ಹಚ್ಚಿದವಳು ತನ್ನ ಕಣ್ಣು ತಪ್ಪೆಂದು ಹೇಳುತ್ತಿಲ್ಲ. ಕಣ್ಣನ್ನು ಇನ್ನಷ್ಟು ಕಣ್ಣಾಗಿಸುತ್ತಾಳೆ. ಬಿಳುಪಿನ ಕ್ರೀಮು ಹಾಗಲ್ಲ. ಹುಟ್ಟಿದ ಮೈಬಣ್ಣವೇ ಒಂದು ಕೊರತೆ, ಅದನ್ನು ದಿನವೂ ತೀರಿಸಬೇಕಾದ ಸಾಲ ಎಂಬ ಮಾತನ್ನು ಅದು ಹದಿನಾಲ್ಕರ ಹುಡುಗಿಯ ಕಿವಿಯಲ್ಲಿ ಊದುತ್ತದೆ. ಟೆರ್ಟುಲಿಯನ್ನನ ವಾದ ಉಳಿದೆಡೆ ಒರಟಾದರೂ ಇಲ್ಲಿ ಅದಕ್ಕೆ ಒಂದು ಬಲವಿದೆ. ತಪ್ಪು ಹುಡುಗಿಯದಲ್ಲ ಎಂಬುದನ್ನು ಮಾತ್ರ ಸೇರಿಸಬೇಕು. ಕರಿಯಳೆಂದು ವರದಕ್ಷಿಣೆ ಏರಿಸಿದ ಮನೆಗಳು, ಹೆಣ್ಣು ನೋಡಲು ಬಂದು ಪಿಸುಗುಟ್ಟಿ ಹೋದ ಬಾಯಿಗಳು ಆ ಕೊರತೆಯನ್ನು ಸೃಷ್ಟಿಸಿದವು. ಅಗ್ಗದ ಬಿಳುಪಿನ ಕ್ರೀಮುಗಳಲ್ಲಿ ಕೆಲವು ಪಾದರಸ ಬೆರೆತವು. ಮೂತ್ರಪಿಂಡಕ್ಕೆ ಅದು ವಿಷ.

ಹಾಗಾದರೆ ತನಗಾಗಿ ಹಚ್ಚಿಕೊಳ್ಳುತ್ತೇನೆ ಎಂಬ ಮಾತನ್ನು ನಂಬಬಹುದೇ? ಫ್ರಾನ್ಸಿನ ಸಿಮೋನ್ ದ ಬೊವಾರ್ 1949ರ ‘ದ ಸೆಕೆಂಡ್ ಸೆಕ್ಸ್’ ಗ್ರಂಥದಲ್ಲಿ ಎತ್ತಿದ ಪ್ರಶ್ನೆ ಇದೇ. ಇತರರ ನೋಟಕ್ಕೆ ಸಿಕ್ಕುವ ವಸ್ತುವಾಗಿ ತನ್ನನ್ನು ತಾನೇ ಸಿದ್ಧಪಡಿಸಿಕೊಳ್ಳಲು ಹುಡುಗಿ ಎಳವೆಯಲ್ಲೇ ಕಲಿಯುತ್ತಾಳೆ. ಕಲಿತದ್ದು ಸ್ವಂತ ಇಚ್ಛೆಯಂತೆ ಕಾಣುತ್ತದೆ. 2018ರಲ್ಲಿ ದಕ್ಷಿಣ ಕೊರಿಯದ ತರುಣಿಯರು ತಮ್ಮ ಪ್ರಸಾಧನಗಳನ್ನು ಪುಡಿಮಾಡಿ, ಕೂದಲು ಕತ್ತರಿಸಿ ಚಳವಳಿ ಹೂಡಿದಾಗ ಬೊವಾರಳ ಮಾತಿಗೆ ಕೈಕಾಲು ಬಂದಂತಾಯಿತು. ಈ ವಾದವನ್ನು ಹಗುರವಾಗಿ ತಳ್ಳಿಹಾಕಲು ಆಗದು. ಆದರೆ ಅದನ್ನು ಕೊನೆಯವರೆಗೆ ಎಳೆದರೆ ಯಾವ ಇಚ್ಛೆಯೂ ಯಾರದೂ ಆಗಿ ಉಳಿಯುವುದಿಲ್ಲ. ತಾಯ್ನುಡಿಯನ್ನೂ ಎಲ್ಲರೂ ಬೇರೆಯವರ ಬಾಯಿಂದಲೇ ಕಲಿಯುತ್ತಾರೆ. ಆ ನುಡಿಯಲ್ಲಿ ಆಡಿದ ಪ್ರೀತಿಯ ಮಾತು ಆಡಿದವರದಲ್ಲ ಎನ್ನಲಾಗದು. ಇಚ್ಛೆ ಎಲ್ಲಿಂದ ಬಂತು ಎಂಬುದಕ್ಕಿಂತ, ಅದನ್ನು ಒಂದು ದಿನ ಮುರಿದರೆ ಏನಾಗುತ್ತದೆ ಎಂಬುದು ಹೆಚ್ಚು ಖಚಿತವಾದ ಪ್ರಶ್ನೆ. ಹಚ್ಚದೆ ಹೊರಟ ದಿನ ಅವಳಿಗೆ ನಾಚಿಕೆಯೋ ಹೆದರಿಕೆಯೋ ಆಗುವುದಿಲ್ಲವೆಂದರೆ, ಸಂಬಳ ಕಡಿತವಾಗುವುದಿಲ್ಲವೆಂದರೆ, ಹಚ್ಚಿದ ದಿನದ ಅಲಂಕಾರ ಅವಳದು. ಹಾಗೆಯೇ ಸದಾ ಬರಿಮುಖದಲ್ಲಿರುವವಳು ಒಂದು ದಿನ ತುಟಿಗೆ ಬಣ್ಣ ಹಚ್ಚಿದರೆ ಮನೆಯವರ, ಗೆಳತಿಯರ, ಜೊತೆಯ ಹೋರಾಟಗಾರ್ತಿಯರ ಕೊಂಕಿಗೆ ಗುರಿಯಾಗುವುದಿಲ್ಲವೆಂದರೆ ಅವಳ ಸರಳತೆಯೂ ಅವಳದೇ. ಉಪೋಸಥದ ನಿಯಮದ ಜಾಣತನ ಇಲ್ಲಿ ಕಾಣುತ್ತದೆ: ಒಂದು ದಿನ ಬಿಟ್ಟು ನೋಡು ಎಂದಿತೇ ಹೊರತು, ಎಂದೆಂದಿಗೂ ಬಿಡು ಎಂದು ಗೃಹಸ್ಥರಿಗೆ ಅದು ಹೇಳಲಿಲ್ಲ.

ನೋಡುವವರ ಮಾತೊಂದು ಉಳಿಯಿತು. ಕನ್ನಡದ ಮನೆಗಳಲ್ಲಿ ಬೋಳು ಹಣೆಯಲ್ಲಿ ಹೊರಗೆ ಹೋಗಬೇಡ ಎಂಬ ಮಾತು ಇನ್ನೂ ಕೇಳಿಬರುತ್ತದೆ. ಆಡುವ ತಾಯಿಯದು ದರ್ಪವಲ್ಲ, ಭಯ. ಬರಿ ಹಣೆ ಎಂದರೆ ಏನೆಂದು ಊರು ಓದುತ್ತದೆ ಎಂಬುದು ಅವಳಿಗೆ ಗೊತ್ತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸೊಸೆ ಪರ್ಸಿನಲ್ಲಿ ಸ್ಟಿಕ್ಕರಿನ ಹಾಳೆ ಇಟ್ಟುಕೊಂಡು, ಅತ್ತೆಯ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಒಂದನ್ನು ಕಿತ್ತು ಹಣೆಗಂಟಿಸಿಕೊಳ್ಳುತ್ತಾಳೆ. ಹಿಂದಿರುಗುವಾಗ ಅದನ್ನು ಬಸ್ಸಿನ ಕಿಟಕಿಯ ಸರಳಿಗೋ ಮುಂದಿನ ಸೀಟಿನ ಬೆನ್ನಿಗೋ ಅಂಟಿಸುತ್ತಾಳೆ. ಕೆಲವೊಮ್ಮೆ ಮರೆತು ಹಾಗೆಯೇ ಉಳಿದು, ಮರುದಿನ ಕಚೇರಿಯಲ್ಲಿ ಕೈತೊಳೆಯುವಾಗ ಕನ್ನಡಿಯಲ್ಲಿ ಕಂಡು, ಇರಲಿ ಎಂದು ಬಿಟ್ಟುಬಿಡುತ್ತಾಳೆ.